ಹಿಟ್ಟಿನ ಚೀಲದ ಮೇಲೆ ಒಂದು ದೇಶದ ಚರಿತ್ರೆ

ಶಿಬುಂಬಾ ಕಾಂಡಾ ಮಾಟುಲು (ಜನನ 1947)
ಲುಬುಂಬಾಶಿ, ಕಾಂಗೋ

ಲುಬುಂಬಾಶಿ ತಾಮ್ರದ ಗಣಿಗಳ ಊರು. 1970ರ ದಶಕದಲ್ಲಿ ಅಲ್ಲಿನ ಕಾರ್ಮಿಕರ, ಗುಮಾಸ್ತರ ನಡುಮನೆಯ ಗೋಡೆಗಳಲ್ಲಿ ಇಂಥ ಚಿತ್ರಗಳು ತೂಗುತ್ತಿದ್ದವು. ಶಿಬುಂಬಾ ಅವನ್ನು ಹಿಟ್ಟಿನ ಚೀಲದ ಬಟ್ಟೆಯ ಮೇಲೆ ಬರೆದು ಅಗ್ಗಕ್ಕೆ ಮಾರುತ್ತಿದ್ದರು.

ಜನ ತುಂಬ ಇಷ್ಟಪಟ್ಟು ಕೊಳ್ಳುತ್ತಿದ್ದದ್ದು ‘ಬೆಲ್ಜಿಯನ್ ವಸಾಹತು’ ಎಂಬ ದೃಶ್ಯ. ಸೆರೆಮನೆಯ ಅಂಗಳ, ಬೋರಲು ಮಲಗಿಸಿದ ಕೈದಿಗೆ ಚಾಟಿಯೇಟು, ಪಕ್ಕದಲ್ಲಿ ನೋಡುತ್ತ ನಿಂತ ಬಿಳಿಯ ಅಧಿಕಾರಿ. ಚಾಟಿ ಬೀಸುವವನು ಮಾತ್ರ ಆಫ್ರಿಕದವನೇ. ಈ ಚಿತ್ರಗಳು ಮಾರಾಟವಾಗುತ್ತಿದ್ದ ಕಾಲದಲ್ಲಿ ದೇಶವನ್ನು ಆಳುತ್ತಿದ್ದದ್ದು 1965ರಲ್ಲಿ ಸೇನಾಕ್ರಾಂತಿಯಿಂದ ಅಧಿಕಾರ ಹಿಡಿದ ಮೊಬುಟು. ಅವರನ್ನು ಬಹಿರಂಗವಾಗಿ ಟೀಕಿಸುವುದು ಅಪಾಯ. ಹಳೆಯ ಸೆರೆಮನೆಯ ಚಿತ್ರದಲ್ಲಿ ಹೊಸದನ್ನೂ ಕಾಣಲು ನೋಡುಗರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ!

1961ರ ಜನವರಿ 17ರಂದು ಕಟಾಂಗಾ ಪ್ರಾಂತ್ಯದಲ್ಲಿ ಕೊಲೆಯಾದ, ದೇಶದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಶಿಬುಂಬಾರ ಕುಂಚಕ್ಕೆ ಮತ್ತೆ ಮತ್ತೆ ಬಂದರು. ಅವರ ಸಾವಿನ ಚಿತ್ರದ ಹಿನ್ನೆಲೆಯಲ್ಲಿ ಮೂರು ಶಿಲುಬೆಗಳಿವೆ. ಕ್ರೈಸ್ತರೇ ಹೆಚ್ಚಾಗಿದ್ದ ಆ ಊರಿನಲ್ಲಿ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಮೊಬುಟು ಸ್ವತಃ ಲುಮುಂಬಾರನ್ನು 1966ರಲ್ಲಿ ರಾಷ್ಟ್ರವೀರನೆಂದು ಸಾರಿದ್ದರು. ಹಾಗಾಗಿ ಈ ವಿಷಯಕ್ಕೆ ಒಂದಿಷ್ಟು ರಕ್ಷಣೆಯೂ ಇತ್ತು.

1973–74ರಲ್ಲಿ ಮಾನವಶಾಸ್ತ್ರಜ್ಞ ಯೊಹಾನ್ನೆಸ್ ಫೇಬಿಯನ್ ಅವರಿಗಾಗಿ ಶಿಬುಂಬಾ ದೇಶದ ಇಡೀ ಚರಿತ್ರೆಯನ್ನು ಸುಮಾರು 100 ಚಿತ್ರಗಳಲ್ಲಿ ಬರೆದು, ಒಂದೊಂದನ್ನೂ ಮಾತಿನಲ್ಲಿ ವಿವರಿಸಿದರು. ಆ ಸಂಗ್ರಹ ಈಗಿರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ.