ಮಾರಲಿಲ್ಲ, ಬದಲಾಯಿಸಿಕೊಂಡರು

ನಮ್ಮ ಕಡೆ ಒಬ್ಬ ಮನುಷ್ಯ ಕೆಟ್ಟುಹೋದ ಎಂದು ಹೇಳಲು 'ಮನೆ ಮಠ ಮಾರಿಕೊಂಡ' ಅಂದರೆ ಸಾಕು. ಕುಡಿದು ಕೆಟ್ಟನೋ, ಸಾಲಕ್ಕೆ ಸಿಕ್ಕಿದನೋ, ಕೋರ್ಟು ಅಲೆದು ಸುಣ್ಣವಾದನೋ, ಅದೆಲ್ಲ ಆಮೇಲಿನ ಮಾತು. ಹೊಲ ಮಾರಿದವನನ್ನು ಊರು ಹೇಗೋ ಕ್ಷಮಿಸುತ್ತದೆ. ಮಗಳ ಮದುವೆ ಇತ್ತು, ಕಾಯಿಲೆ ಇತ್ತು ಎಂದು ತಾನೇ ಕಾರಣ ಹುಡುಕಿಕೊಡುತ್ತದೆ. ಹುಟ್ಟಿದ ಮನೆ ಮಾರಿದವನಿಗೆ ಆ ರಿಯಾಯಿತಿ ಕಡಿಮೆ. ಆದರೆ ಅದೇ ಮನೆಯನ್ನು ಇನ್ನೊಬ್ಬರ ಮನೆಗೆ ಬದಲಾಯಿಸಿಕೊಂಡರೆ ಯಾರೂ ಮೂಗು ಮುರಿಯುವುದಿಲ್ಲ. 'ಅದಲು ಬದಲು ಮಾಡ್ಕೊಂಡ್ರು' ಎಂದು ಹೇಳಿ ಸುಮ್ಮನಾಗುತ್ತಾರೆ.

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರನ್ನು ಕೂರಿಸಿಕೊಂಡು ಬೀದಿಯ ಕತೆ ಕೇಳಿದರೆ ಇಂತಹ ಮನೆಗಳು ಸಿಗುತ್ತವೆ. ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿರಲಿ ಎಂದು ಬದಲಾಯಿಸಿಕೊಂಡದ್ದು, ದನ ಹೆಚ್ಚಾಗಿ ಕೊಟ್ಟಿಗೆ ಸಾಲದೆ ಹಿತ್ತಲು ದೊಡ್ಡದಿದ್ದ ಮನೆಗೆ ಹೋದದ್ದು, ವಾಸ್ತು ಸರಿಯಿಲ್ಲವೆಂದು ಬಿಟ್ಟದ್ದು. (ಆ ಮನೆಗೆ ಬಂದವರು ಸುಖವಾಗಿಯೇ ಇರುತ್ತಾರೆ, ಅದು ಬೇರೆ ಮಾತು.) ಜಗಲಿಯ ಮೇಲೆ ನಾಲ್ಕು ಜನ ಕೂತು ಮಾತಾಡಿದರೆ ಮುಗಿಯಿತು. ಒಂದು ಮನೆ ಹೆಂಚಿನದಾಗಿ ಇನ್ನೊಂದು ಸೋಗೆಯದಾಗಿದ್ದರೆ ಕಡಿಮೆ ಬಿದ್ದವರು ಮೇಲೆ ಒಂದಿಷ್ಟು ಹಣವನ್ನೋ ಭತ್ತವನ್ನೋ ಕೊಟ್ಟು ಸರಿದೂಗಿಸುತ್ತಿದ್ದರು. ಎರಡು ಮನೆಯಲ್ಲೂ ಹಾಲು ಉಕ್ಕಿಸುತ್ತಿದ್ದರು. ಕಾಗದ ಇರುತ್ತಿರಲಿಲ್ಲ, ಇದ್ದರೂ ಒಂದು ಬಿಳಿ ಹಾಳೆ.

ಈಗ ಆ ಮನೆಗಳಲ್ಲಿ ಮೊಮ್ಮಕ್ಕಳಿದ್ದಾರೆ. ಅವರ ಕೈಯಲ್ಲಿ ಮನೆ ಇದೆ, ಮನೆಯ ಕಾಗದ ಎದುರುಬೀದಿಯವರ ತಾತನ ಹೆಸರಿನಲ್ಲಿದೆ. ಈ ಬಿಕ್ಕಟ್ಟು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಬಹಳ ಹಳೆಯ ಕತೆ.

ಮನೆ, ಭೂಮಿ ಮಾರುವುದು ಅವಮಾನ ಎನ್ನುವ ಭಾವನೆ ನಮ್ಮ ಹಳ್ಳಿಗಳು ಕಂಡುಹಿಡಿದದ್ದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತದೆ. ಸ್ಥಾವರ ಆಸ್ತಿಗೆ ಮಾರಾಟವೇ ಇಲ್ಲ ಎನ್ನುವ ಹಳೆಯ ವಚನವನ್ನು ಮುಂದಿಟ್ಟುಕೊಂಡು ವಿಜ್ಞಾನೇಶ್ವರ ಒಂದು ದಾರಿ ಹೇಳುತ್ತಾನೆ: ಮಾರಲೇಬೇಕಾದರೆ ಚಿನ್ನ, ನೀರು ಕೊಟ್ಟು ದಾನದ ರೂಪದಲ್ಲಿ ಮಾಡಿ. ಜೊತೆಗೆ ಊರಿನವರು, ದಾಯಾದಿಗಳು, ನೆಂಟರು, ಅಕ್ಕಪಕ್ಕದ ಹಿಡುವಳಿದಾರರು ಒಪ್ಪಬೇಕು. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಧಾರಾಪೂರ್ವಕ' ಎನ್ನುವ ಮಾತಿನ ಹಿಂದೆ ಇರುವುದು ಇದೇ ನೀರು. ಊರಿನ ಒಪ್ಪಿಗೆ ಏಕೆ ಬೇಕು ಎಂಬುದಕ್ಕೂ ವಿಜ್ಞಾನೇಶ್ವರನ ಬಳಿ ತೀರಾ ವ್ಯಾವಹಾರಿಕ ಉತ್ತರವಿದೆ: ವ್ಯವಹಾರ ಎಲ್ಲರಿಗೂ ಗೊತ್ತಾಗಲಿ, ಗಡಿಯ ಜಗಳ ಬರದಿರಲಿ. ಜಗಲಿಯ ಮೇಲೆ ಕೂತ ಆ ನಾಲ್ಕು ಜನರನ್ನು ನಾವು ಈ ಕಣ್ಣಿನಿಂದ ನೋಡಬೇಕು. ಅವರೇ ಆಗಿನ ನೋಂದಣಿ ಕಚೇರಿ.

ಇನ್ನು ವಿನಿಮಯ ಎಂಬ ಪದ. ವಿಜಯನಗರದ ಕಾಲದ, ಆಮೇಲಿನ ಮೈಸೂರು ಅರಸರ ಕಾಲದ ದಾನಶಾಸನಗಳಲ್ಲಿ ಭೂಮಿ ಪಡೆದವನಿಗೆ ಏನೇನು ಹಕ್ಕು ಎಂದು ಹೇಳುವಾಗ ಮೊದಲು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎನ್ನುವ ಅಷ್ಟಭೋಗ ಬರುತ್ತದೆ. ಹಿಂದೆಯೇ ದಾನ, ಆಧಿ, ಕ್ರಯ, ವಿನಿಮಯ ಎಂಬ ನಾಲ್ಕು ಪದಗಳು. ಆಧಿ ಎಂದರೆ ಅಡವು. ಅಂದರೆ ಕೊಡಬಹುದು, ಅಡವಿಡಬಹುದು, ಮಾರಬಹುದು, ಬದಲಾಯಿಸಿಕೊಳ್ಳಬಹುದು. ಬದಲಾಯಿಸಿಕೊಳ್ಳುವುದು ಮಾರಾಟದ ಒಂದು ಬಗೆಯಲ್ಲ, ಅದೇ ಒಂದು ಬೇರೆ ಹಕ್ಕು. ಆಶ್ಚರ್ಯವೆಂದರೆ ಇವತ್ತು ಮಿನಿ ವಿಧಾನಸೌಧದ ಮುಂದೆ ಕೂರುವ ಪತ್ರ ಬರಹಗಾರರು ಬರೆಯುವ ಕ್ರಯಪತ್ರದಲ್ಲೂ ಈ ಸಾಲು ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ನಿಧಿ ನಿಕ್ಷೇಪ ಯಾರಿಗೆ ಸಿಗಬೇಕೋ! ಆದರೂ ಅಷ್ಟಭೋಗವನ್ನು ಯಾರೂ ಬಿಡುವುದಿಲ್ಲ. ಮನೆಯಲ್ಲಿ ಹಳೇ ಪತ್ರ ಇದ್ದರೆ ತೆಗೆದು ನೋಡಿ, ವಿನಿಮಯ ಎಂಬ ಪದ ಕೊನೆಯ ಪುಟದ ಹತ್ತಿರ ಎಲ್ಲೋ ಕೂತಿರುತ್ತದೆ.

ಮೈಸೂರು ಸೀಮೆ ಕಂಡ ಅತಿ ದೊಡ್ಡ ಅದಲು ಬದಲು ಮನೆಯದ್ದಲ್ಲ, ಊರಿನದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನದಾಗಿಯೇ ಇಟ್ಟುಕೊಂಡಿತು. ಮೈಸೂರು ಅದಕ್ಕೆ ವರ್ಷಕ್ಕೆ 50,000 ರೂಪಾಯಿ ಕೊಟ್ಟು ಅನುಭವಿಸುತ್ತಿತ್ತು. 1881ರ ಮಾರ್ಚ್‌ನಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಹಿಂತಿರುಗಿಸುವಾಗ ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶ ತಮಗೇ ಬೇಕೆಂದರು, ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣವನ್ನು ಬಿಟ್ಟುಕೊಟ್ಟರು. ಕ್ರಯವಿಲ್ಲ, ಬೆಲೆ ಕಟ್ಟಲಿಲ್ಲ. ಮುಂದೆ 1947ರ ಜುಲೈ 26ರಂದು ದಂಡು ಪ್ರದೇಶವೂ ಮೈಸೂರಿಗೆ ವಾಪಸ್ಸು ಬಂತು. ಬದಲಾಯಿಸಿಕೊಂಡ ಎರಡೂ ಆಸ್ತಿ ಕೊನೆಗೆ ಒಬ್ಬರ ಕೈಗೇ ಬಂದ ವ್ಯವಹಾರ ನಮಗೆ ತಿಳಿದಂತೆ ಇದೊಂದೇ.

ಅದೇ ಕಾಲಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನು ಬರಹಕ್ಕಿಳಿಯುತ್ತಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 118ನೇ ಕಲಮು ವಿನಿಮಯ ಅಂದರೇನು ಎಂದು ಹೇಳಿತು: ಇಬ್ಬರು ಒಂದು ವಸ್ತುವಿನ ಒಡೆತನಕ್ಕೆ ಇನ್ನೊಂದರ ಒಡೆತನ ಕೊಟ್ಟುಕೊಳ್ಳುವುದು, ಯಾವ ಕಡೆಯದ್ದೂ ಬರೀ ಹಣ ಆಗಿರಬಾರದು. 'ಬರೀ' ಎಂಬ ಪದ ಮುಖ್ಯ. ಮನೆಯ ಜೊತೆಗೆ ಮೇಲೆ ಒಂದಿಷ್ಟು ಹಣ ಕೊಟ್ಟರೂ ಅದು ವಿನಿಮಯವೇ. ಅಷ್ಟರ ಮಟ್ಟಿಗೆ ಕಾನೂನು ಜಗಲಿಯ ಮಾತನ್ನು ಒಪ್ಪಿತು. ಆದರೆ ಅದೇ ಕಲಮಿನ ಮುಂದಿನ ಸಾಲು ಜಗಲಿಯನ್ನು ಬರಖಾಸ್ತು ಮಾಡಿತು: ವಿನಿಮಯವನ್ನು ಮಾರಾಟ ಮಾಡುವ ಕ್ರಮದಲ್ಲೇ ಪೂರೈಸಬೇಕು. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೇಬೇಕು. ಊರಿನ ಒಪ್ಪಿಗೆ ಇದ್ದರೂ ಸಾಲದು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದದ್ದರಿಂದ ಅಲ್ಲಿ ಈ ಕಾಯ್ದೆ ನೇರವಾಗಿ ನಡೆಯಿತು. ಮೈಸೂರು ಸಂಸ್ಥಾನದ ದಾರಿ ಬೇರೆ ಇತ್ತು. ಪಕ್ಕ ಪಕ್ಕದ ಊರುಗಳು, ಒಂದೇ ಮಾತು, ಒಂದೇ ನೆಂಟಸ್ತಿಕೆ, ಕಾನೂನು ಮಾತ್ರ ಎರಡು.

ಆ ಕಾಯ್ದೆಯಲ್ಲಿ ನಮಗೆ ತುಂಬಾ ಇಷ್ಟವಾದದ್ದು 119ನೇ ಕಲಮು. ನೀವು ಬದಲಾಯಿಸಿಕೊಂಡು ಪಡೆದ ಮನೆಗೆ ಇನ್ಯಾರೋ ನಿಜವಾದ ಹಕ್ಕುದಾರರು ಬಂದು ನಿಮ್ಮನ್ನು ಹೊರಗೆ ಹಾಕಿದರು ಎನ್ನಿ. ಕ್ರಯವಾಗಿದ್ದರೆ ಹಣಕ್ಕೆ ಅಲೆಯಬೇಕು. ವಿನಿಮಯದಲ್ಲಿ ನಷ್ಟ ಕೇಳಬಹುದು, ಇಲ್ಲವೇ ನೀವು ಕೊಟ್ಟಿದ್ದ ಮನೆಯನ್ನೇ ವಾಪಸ್ಸು ಕೇಳಬಹುದು. ಅದು ಇನ್ನೂ ಆ ಮನುಷ್ಯನ ಬಳಿಯೋ, ಅವನ ವಾರಸುದಾರರ ಬಳಿಯೋ, ಪುಕ್ಕಟೆ ಪಡೆದವರ ಬಳಿಯೋ ಇರಬೇಕು ಅಷ್ಟೇ. ಜಗಲಿ ನ್ಯಾಯ ಕೂಡ ಹೀಗೇ ಹೇಳುತ್ತಿತ್ತೇನೋ.

ಹಾಗಾದರೆ ಕಾನೂನು ಬಂದು ಇಷ್ಟು ಕಾಲವಾದ ಮೇಲೂ ಬಾಯಿಮಾತಿನ ಬದಲಾವಣೆ ಹೇಗೆ ನಡೆಯಿತು? ನಮಗೆ ಎರಡು ಕಾರಣ ಕಾಣುತ್ತವೆ. ಒಂದು, ಮನೆಯೊಳಗೆ ಅದು ನಡೆಯುತ್ತಿತ್ತು. ಒಟ್ಟು ಕುಟುಂಬದ ಪಾಲು ಬಾಯಿಮಾತಿನಲ್ಲಿ ಆಗಬಹುದು, ಆಮೇಲೆ ಬರೆದಿಟ್ಟುಕೊಳ್ಳುವ ಪಾರೀಕತ್ತು ಬರೀ ನೆನಪಿನ ಓಲೆಯಾಗಿರಬಹುದು. ಇಂತಹ ಕೌಟುಂಬಿಕ ಏರ್ಪಾಟನ್ನು ಸುಪ್ರೀಂ ಕೋರ್ಟು ಕೂಡ 1976ರ ಕಾಳೆ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅಣ್ಣ ತಮ್ಮಂದಿರಿಗೆ ಸಲ್ಲುವ ಈ ನಿಯಮ ನೆರೆಮನೆಯವರಿಗೂ ಸಲ್ಲುತ್ತದೆ ಎಂದು ಊರು ತಿಳಿದುಕೊಂಡಿತು. ಸಲ್ಲುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಹೊಲಕ್ಕೆ ಸರ್ವೆ ನಂಬರಿದೆ, ಪಹಣಿಯಿದೆ. ಗ್ರಾಮಠಾಣೆಯೊಳಗಿನ ಮನೆಗೆ ಇದ್ದದ್ದು ಪಂಚಾಯಿತಿಯ ಕಂದಾಯದ ಪುಸ್ತಕದಲ್ಲಿ ಒಂದು ಸಾಲು. ಇಬ್ಬರೂ ಹೋಗಿ ಹೆಸರು ಬದಲಾಯಿಸಿ ಎಂದರೆ ಆ ಸಾಲು ಬದಲಾಗುತ್ತಿತ್ತು. ಎಷ್ಟೋ ಸಲ ಅದೂ ಇಲ್ಲ, ತಾತನ ಹೆಸರಿನಲ್ಲೇ ಕಂದಾಯ ಕಟ್ಟಿಕೊಂಡು ಹೋಗುತ್ತಿದ್ದರು. ಕಂದಾಯದ ರಸೀತಿ ಒಡೆತನದ ಪತ್ರವಲ್ಲ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ.

ಅದಲು ಬದಲನ್ನು ಬರೀ ಊರಿನ ಒಳ್ಳೆಯತನ ಎಂದು ಹೊಗಳಿಬಿಟ್ಟರೆ ಅರ್ಧ ಕತೆ ಹೇಳಿದಂತೆ. ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲಿ ನಿಲ್ಲುತ್ತಿದ್ದರು ಎಂದೂ ಕೇಳಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕಾಪಾಡಲು ಕರ್ನಾಟಕ 1978ರಲ್ಲಿ ತಂದ ಪಿಟಿಸಿಎಲ್ ಕಾಯ್ದೆ ವರ್ಗಾವಣೆ ಎಂದರೆ ಏನೇನು ಎಂದು ಹೇಳುವಾಗ ಮಾರಾಟ, ದಾನದ ಜೊತೆಗೇ ವಿನಿಮಯವನ್ನೂ ಸೇರಿಸಿದೆ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಿನ ಮೇಲಿನ 15 ವರ್ಷದ ನಿರ್ಬಂಧದಲ್ಲೂ ಆ ಪದವಿದೆ. ಸುಮ್ಮನೆ ಸೇರಿಸಿದ್ದಲ್ಲ. ನಾಲೆ ಪಕ್ಕದ ಎರಡೆಕರೆ ಪಡೆದು ಗುಡ್ಡದ ಮೇಲಿನ ಎರಡೆಕರೆ ಕೊಟ್ಟರೆ ಅದೂ ಅದಲು ಬದಲೇ, ಎಕರೆಗೆ ಎಕರೆ ಸರಿಯಾಗಿಯೇ ಇರುತ್ತದೆ. ಕಬಿನಿಯ ನೀರು ಬಂದ ಮೇಲೆ ನಮ್ಮ ಎರಡೂ ತಾಲ್ಲೂಕುಗಳಲ್ಲಿ ಒಂದೇ ಊರಿನ ಎರಡು ಎಕರೆಗಳ ನಡುವಿನ ಅಂತರ ಎಷ್ಟೆಂದು ರೈತರಿಗೆ ಹೇಳಿಕೊಡಬೇಕಿಲ್ಲ.

ಹೆಣ್ಣುಮಕ್ಕಳಂತೂ ಆ ಅಂಗಳದಲ್ಲೂ ಇರಲಿಲ್ಲ. ಪಿತ್ರಾರ್ಜಿತ ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿ ಸಮಪಾಲಿನ ಹಕ್ಕು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಹೆಣ್ಣುಮಕ್ಕಳಿಗೆ ಅದು ಬಂತು. ಅಪ್ಪ ಮತ್ತು ಅಣ್ಣ ಸೇರಿ ಹಿರಿಯರ ಮನೆಯನ್ನು ಬದಲಾಯಿಸಿಕೊಂಡೆವು ಎಂದರೆ ಇವತ್ತು ಅಕ್ಕ ತಂಗಿಯರ ಸಹಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಬರಬೇಕು ಕೂಡ.

ಮಾರಾಟಕ್ಕೆ ದಾರಿ ಇಲ್ಲದ ಕಡೆ, ಕೈಯಲ್ಲಿ ಹಣ ಓಡದ ಕಡೆ ಮನುಷ್ಯರು ಬದಲಾಯಿಸಿಕೊಳ್ಳುತ್ತಾರೆ. ಸೋವಿಯತ್ ರಷ್ಯಾದಲ್ಲಿ ಸರ್ಕಾರಿ ಫ್ಲಾಟನ್ನು ಮಾರುವಂತಿರಲಿಲ್ಲ, ಬದಲಾಯಿಸಿಕೊಳ್ಳಬಹುದಿತ್ತು. ಯೂರಿ ತ್ರಿಫೊನೊವ್ 1969ರಲ್ಲಿ ಬರೆದ ಪ್ರಸಿದ್ಧ ನೀಳ್ಗತೆಯ ಹೆಸರೇ 'ವಿನಿಮಯ'. ದೇಶ ವಿಭಜನೆಯಾದ ಮೇಲೆ ಬಂಗಾಳದ ಎರಡೂ ಕಡೆ ಹಿಂದೂ, ಮುಸ್ಲಿಂ ಕುಟುಂಬಗಳು ಗಡಿಯಾಚೆಯ ಮನೆ ಹೊಲವನ್ನು ತಮ್ಮದಕ್ಕೆ ಬದಲಾಯಿಸಿಕೊಂಡು ಊರು ಬಿಟ್ಟವು. ಬಂಗಾಳಿಯಲ್ಲೂ ಅದಕ್ಕೆ ವಿನಿಮಯ ಎಂದೇ ಹೆಸರು, ನಮ್ಮ ಪತ್ರದ ಕೊನೆಯ ಪುಟದಲ್ಲಿರುವ ಅದೇ ಪದ. ಅಲ್ಲಿ ಅದನ್ನು ಕೇಳಿದವರ ನೆನಪು ಬೇರೆ.

ಈಗ ನಮ್ಮ ಎರಡು ಪೇಟೆಗಳಿಗೆ ಬರೋಣ. ನಂಜನಗೂಡಿನಲ್ಲಿ ಮನೆಯಿರುವವರಿಗೆ ಟಿ. ನರಸೀಪುರದಲ್ಲಿ ಬೇಕು, ಅಲ್ಲಿರುವವರು ಇಲ್ಲಿನ ಕಾರ್ಖಾನೆಗೆ ಓಡಾಡಿ ಸಾಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಒಂದರ ಬೆಲೆ 30 ಲಕ್ಷ, ಇನ್ನೊಂದರದ್ದು 24 ಲಕ್ಷ. ಎರಡು ಕ್ರಯಪತ್ರ ಮಾಡಿದರೆ ಒಟ್ಟು 54 ಲಕ್ಷದ ಮೇಲೆ ಮುದ್ರಾಂಕ ಶುಲ್ಕ ಬೀಳುತ್ತದೆ. ಒಂದೇ ವಿನಿಮಯ ಪತ್ರ ಮಾಡಿದರೆ ಕರ್ನಾಟಕದ ಮುದ್ರಾಂಕ ಕಾಯ್ದೆಯ ಪ್ರಕಾರ ಹೆಚ್ಚು ಬೆಲೆಯ ಮನೆಯನ್ನಷ್ಟೇ, ಅಂದರೆ 30 ಲಕ್ಷವನ್ನು, ಲೆಕ್ಕಕ್ಕೆ ಹಿಡಿಯುತ್ತಾರೆ. ಬೇರೆ ಮಾತಾಗಿರದಿದ್ದರೆ ಶುಲ್ಕವನ್ನು ಇಬ್ಬರೂ ಸಮನಾಗಿ ಹೊರಬೇಕು. 6 ಲಕ್ಷದ ವ್ಯತ್ಯಾಸವನ್ನು ಪತ್ರದಲ್ಲೇ ಬರೆಯಬಹುದು. ಆದಾಯ ತೆರಿಗೆಯವರಿಗೆ ಮಾತ್ರ ಇದೂ ಆಸ್ತಿ ಕೈಬದಲಾದಂತೆಯೇ. ಹಣ ಕೈಗೆ ಬರಲಿಲ್ಲ, ಲಾಭ ಎಲ್ಲಿಂದ ಎನ್ನುವ ವಾದ ಅಲ್ಲಿ ನಡೆಯುವುದಿಲ್ಲ, ಹಾಗಾಗಿ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ಮನೆಗಳು ಎರಡು ತಾಲ್ಲೂಕಿನಲ್ಲಿವೆ, ಯಾವ ಕಚೇರಿಗೆ ಹೋಗುವುದು ಎಂಬ ಗೊಂದಲವೂ ಬೇಡ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆಸ್ತಿಯ ಒಂದು ಭಾಗ ಎಲ್ಲಿದ್ದರೂ ಅಲ್ಲಿ ಪತ್ರ ಹಾಜರುಪಡಿಸಬಹುದು. ನೋಂದಾಯಿಸಿದ ಕಚೇರಿ ಇನ್ನೊಂದು ಕಚೇರಿಗೆ ಟಿಪ್ಪಣಿ ಕಳಿಸಬೇಕು.

ಇದು ಹೊಸದಾಗಿ ಬದಲಾಯಿಸಿಕೊಳ್ಳುವವರ ಮಾತು. ತಾತಂದಿರು ಬದಲಾಯಿಸಿಕೊಂಡು ಬಿಟ್ಟುಹೋದ ಮನೆಗಳಿಗೆ ಗಂಡಾಂತರ ಬಂದಿರುವುದು ಈಗ. ಪಂಚಾಯಿತಿಯ ಪುಸ್ತಕ ಇ-ಸ್ವತ್ತು ಆಗಿ ಕಂಪ್ಯೂಟರಿಗೆ ಹೋಯಿತು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣೆಯ ಮನೆಮನೆಯನ್ನೂ ಅಳೆಯುತ್ತಿದ್ದಾರೆ, ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. ಮನೆಯಲ್ಲಿ ಯಾರಿದ್ದಾರೆ, ಪುಸ್ತಕದಲ್ಲಿ ಯಾರಿದ್ದಾರೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಾರೆ. ಬ್ಯಾಂಕಿನವರು ಸಾಲಕ್ಕೆ ಕೇಳುತ್ತಾರೆ, ರಸ್ತೆ ಅಗಲ ಮಾಡುವವರು ಪರಿಹಾರಕ್ಕೆ ಕೇಳುತ್ತಾರೆ. ಹನ್ನೆರಡು ವರ್ಷ ಮೀರಿ ಅನುಭವದಲ್ಲಿದ್ದೇವೆ, ಮನೆ ನಮ್ಮದೇ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಒಪ್ಪಿಗೆಯಿಂದ ಒಳಗೆ ಬಂದವರು ಪ್ರತಿಕೂಲ ಸ್ವಾಧೀನವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಅಷ್ಟು ಸುಲಭವಲ್ಲ.

ಎರಡೂ ಮನೆಯವರು ಮಾತಾಡುತ್ತಿರುವಾಗಲೇ, ಎಲ್ಲ ವಾರಸುದಾರರೂ ಒಟ್ಟಿಗೆ ಹೋಗಿ ಒಂದು ವಿನಿಮಯ ಪತ್ರ ನೋಂದಾಯಿಸಿಕೊಳ್ಳುವುದು ನಮಗೆ ಕಾಣುವ ನೇರ ದಾರಿ. ಖರ್ಚಿದೆ, ನಿಜ. ತಾತ ಆಗಲೇ ಕೊಟ್ಟ ಮನೆಗೆ ಈಗ ಯಾಕೆ ದುಡ್ಡು ಕಟ್ಟಬೇಕು ಎಂದು ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಎ ಷೆಡ್ಯೂಲಿನಲ್ಲಿ ಒಂದು ಮನೆ, ಬಿ ಷೆಡ್ಯೂಲಿನಲ್ಲಿ ಇನ್ನೊಂದು, ಎರಡಕ್ಕೂ ಚೆಕ್ಕುಬಂದಿ ಬರೆಸಬೇಕು. ಅಲ್ಲಿ ಒಂದು ತಮಾಷೆಯ ತೊಡಕು ಎದುರಾಗುತ್ತದೆ. ಅಕ್ಕಪಕ್ಕದವರ ಹಳೇ ಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ಬದಲಾಯಿಸಿಕೊಳ್ಳುವುದಕ್ಕಿಂತ ಮೊದಲಿನ ಹೆಸರುಗಳೇ ಇರುತ್ತವೆ. ಆ ಹೆಸರುಗಳನ್ನು ನೋಡಿ ಇದು ಯಾರ ಮನೆ, ಅದು ಯಾರದು ಎಂದು ಬಿಡಿಸಿ ಹೇಳಬಲ್ಲ ಒಬ್ಬರೋ ಇಬ್ಬರೋ ಅಜ್ಜಿಯರು ಊರಲ್ಲಿ ಇನ್ನೂ ಇರುತ್ತಾರೆ. ಪತ್ರ ಬರಹಗಾರರ ಹತ್ತಿರ ಹೋಗುವ ಮೊದಲು ಅವರ ಹತ್ತಿರ ಹೋಗಿ ಬನ್ನಿ.