ಆರು ವೋಲ್ಟಿನ ಮೈಸೂರು

ಜಾವಾ ಬಗ್ಗೆ ಬರೆದವರು ಬಹುಮಟ್ಟಿಗೆ ಅದರ ಸದ್ದಿನ ಬಗ್ಗೆಯೇ ಬರೆಯುತ್ತಾರೆ. ಜೋಡಿ ಸೈಲೆನ್ಸರ್, ನೀಲಿ ಹೊಗೆ, ಒಂದೇ ರಾಡು ಕಿಕ್ಕೂ ಆಗಿ ಗೇರೂ ಆಗುವ ಚೆಂದ, ಇವೆಲ್ಲ ಬರುತ್ತವೆ. ಗಾಡಿಯೊಳಗೆ ಓಡುತ್ತಿದ್ದ ಕರೆಂಟಿನ ಕಥೆ ಮಾತ್ರ ಬಿಟ್ಟುಹೋಗುತ್ತದೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ನಮ್ಮ ಸೀಮೆಯ ಜಾವಾ, ಯೆಜ್ಡಿಗಳು ರಸ್ತೆಯಲ್ಲಿ ಉಳಿದದ್ದಕ್ಕೆ ಎಂಜಿನ್ ಬಿಚ್ಚುವ ಮೇಸ್ತ್ರಿಗಳು ಎಷ್ಟು ಕಾರಣವೋ, ವೈರು ಹಿಡಿದು ಕೂತವರೂ ಅಷ್ಟೇ ಕಾರಣ. ನಮ್ಮಪ್ಪ ಹಾಗೆ ಕೂತವರಲ್ಲಿ ಒಬ್ಬರು. ಮಂಡಿ ಮೊಹಲ್ಲಾದಲ್ಲಿ ಅವರದು ಆರ್ಮೇಚರ್ ವೈಂಡಿಂಗ್ ಅಂಗಡಿ. ತಂತಿ ಸುತ್ತುವ ಕೆಲಸ ಮಾತ್ರ ಮನೆಗೆ ಬರುತ್ತಿತ್ತು. ಅಮ್ಮನೂ ನಾನೂ ಸುತ್ತುತ್ತಿದ್ದೆವು.

ಯಾದವಗಿರಿಯಲ್ಲಿ ಐಡಿಯಲ್ ಜಾವಾ ಶುರುವಾದದ್ದು 1960ರಲ್ಲಿ. ಅದಕ್ಕೆ ಮೊದಲು ರುಸ್ತುಂ ಇರಾನಿಯವರು ಮುಂಬಯಿಯಲ್ಲಿ ಚೆಕೊಸ್ಲೊವಾಕಿಯಾದ ಜಾವಾಗಳನ್ನು ತರಿಸಿ ಮಾರುತ್ತಿದ್ದರು. ವಿದೇಶಿ ಗಾಡಿಗಳ ಆಮದಿಗೆ ಸರ್ಕಾರ ತಡೆ ಹಾಕಿದ್ದರಿಂದ ಇಲ್ಲೇ ಮಾಡುವ ದಾರಿ ಹಿಡಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಆ ಗಾಡಿಯ ಜೊತೆ ಚೆಕ್ ದೇಶದಿಂದ ಒಂದು ಬಗೆಯ ವಿದ್ಯುತ್ ವ್ಯವಸ್ಥೆಯೂ ಬಂದಿತ್ತು. 6 ವೋಲ್ಟಿನ ಬ್ಯಾಟರಿ, ಇಗ್ನಿಷನ್ ಕಾಯಿಲು, ಪಾಯಿಂಟು, ಕಂಡೆನ್ಸರು, ಮತ್ತೆ ಕ್ರ್ಯಾಂಕಿನ ಬಲತುದಿಗೇ ಕೂರಿಸಿದ 45 ವ್ಯಾಟಿನ ಡಿ.ಸಿ. ಡೈನಮೋ. ಪಾಯಿಂಟು ತೆರೆದಾಗ ಕಾಯಿಲಿನಲ್ಲಿ ಹೆಚ್ಚಿನ ವೋಲ್ಟೇಜ್ ಹುಟ್ಟಿಸಿ ಪ್ಲಗ್ಗಿಗೆ ಕಿಡಿ ಕೊಡುವ ಈ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರುಗಳಿಗೆ ಒಗ್ಗಿಸಿದ್ದ. ಜಾವಾದಲ್ಲಿ ಅದೇ ಉಪಾಯ ಒಂದು ಪುಟ್ಟ ಟೂ ಸ್ಟ್ರೋಕ್ ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಹಿಡಿಸಿತ್ತು. ಅಂದಿನ ಬಜಾಜ್ ವೆಸ್ಪಾ ಸ್ಕೂಟರಿಗೆ ಫ್ಲೈವೀಲಿನ ಆಯಸ್ಕಾಂತದಿಂದಲೇ ಕಿಡಿ ಸಿಗುತ್ತಿತ್ತು, ಬ್ಯಾಟರಿಯ ಹಂಗಿರಲಿಲ್ಲ. ಜಾವಾಗೆ ಕಿಡಿ ಬೇಕೆಂದರೆ ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಡೈನಮೋ ಬೇಕು, ಡೈನಮೋ ತಿರುಗಲು ಎಂಜಿನ್ ಬೇಕು, ಎಂಜಿನ್ನಿಗೆ ಮತ್ತೆ ಕಿಡಿ ಬೇಕು. ಎಲ್ಲಿ ಸೋತರೂ ಸೋಲು ಇನ್ನೆಲ್ಲೋ ಕಾಣಿಸುತ್ತಿತ್ತು. ಮೈಸೂರಿನ ಆಟೋ ಎಲೆಕ್ಟ್ರಿಷಿಯನ್ನರ ಕಸುಬು ಬೆಳೆದದ್ದೇ ಈ ಸುತ್ತಿನ ಎಳೆ ಎಲ್ಲಿ ಸಡಿಲವಾಗಿದೆ ಎಂದು ಹುಡುಕುತ್ತ.

6 ವೋಲ್ಟಿನಲ್ಲಿ ಕೈ ಸಡಿಲಿಸುವಷ್ಟು ಜಾಗವೇ ಇಲ್ಲ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು. 35 ವ್ಯಾಟಿನ ಹೆಡ್‌ಲೈಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಾದರೆ ಮೂರೇ ಸಾಕು. ತುಕ್ಕು ಹಿಡಿದ ಒಂದು ಜಾಯಿಂಟು 0.2 ಓಮ್ ತಡೆ ಒಡ್ಡಿತು ಎನ್ನಿ. 12 ವೋಲ್ಟಿನ ಗಾಡಿಯಲ್ಲಿ ಅದು ತಿನ್ನುವುದು ಅರ್ಧ ವೋಲ್ಟಿನಷ್ಟು, ಸವಾರನಿಗೆ ಗೊತ್ತೂ ಆಗುವುದಿಲ್ಲ. 6 ವೋಲ್ಟಿನ ಗಾಡಿಯಲ್ಲಿ ಅದೇ ತುಕ್ಕು ಹತ್ತಿರಹತ್ತಿರ ಒಂದು ವೋಲ್ಟು ನುಂಗುತ್ತದೆ. ಆರರಲ್ಲಿ ಒಂದು ಪಾಲು ವೋಲ್ಟೇಜ್ ಹೋದರೆ ಬಲ್ಬಿನ ಬೆಳಕು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹೆಡ್‌ಲೈಟು, ಹಿಂದಿನ ದೀಪ, ಕಾಯಿಲು ಮೂರೂ ಒಟ್ಟಿಗೆ ಎಳೆದರೆ 45 ವ್ಯಾಟಿನ ಡೈನಮೋಗೆ ಮೀರಿದ ಹೊರೆ. ರಾತ್ರಿ ಊರೊಳಗೆ ನಿಧಾನವಾಗಿ ಓಡಿಸಿದವರ ಬ್ಯಾಟರಿ ಬೆಳಿಗ್ಗೆ ಡೌನ್ ಆಗಿರುತ್ತಿದ್ದದ್ದು ಇದಕ್ಕೇ. ಗಾಡಿಯೇ ಸರಿಯಿಲ್ಲ ಎಂದು ಬೈದವರು ಬಹಳ. ಗಾಡಿಯನ್ನು ಕಟ್ಟಿದ ರೀತಿಯಲ್ಲಿ ತಪ್ಪಿರಲಿಲ್ಲ, ಅದು ಪ್ರತಿಯೊಂದು ಜಾಯಿಂಟೂ ಶುಭ್ರವಾಗಿರಲಿ ಎಂದು ಕೇಳುವ ಗಾಡಿ.

ಅಂಗಡಿಗೆ ಬಂದವರನ್ನು ಅಪ್ಪ ಮೊದಲು ಕೂರಿಸಿ ಮಾತಾಡಿಸುತ್ತಿದ್ದರು. “ಹೆಂಗೆ ನಿಂತೋಯ್ತು ಸ್ವಾಮಿ? ಟಪ್ ಅಂತಲೋ, ಎಳ್ಕೊಂಡು ಎಳ್ಕೊಂಡೋ?” ಇದೇ ಅವರ ಮೊದಲ ಪ್ರಶ್ನೆ. ಪೆಟ್ರೋಲು ಕಮ್ಮಿಯಾಗಿ ನಿಲ್ಲುವ ಎಂಜಿನ್ ಒಂದಷ್ಟು ದೂರ ತೊದಲಿ, ಎಳೆತ ಕಳಕೊಂಡು ನಿಲ್ಲುತ್ತದೆ. ಕರೆಂಟು ಕಡಿದ ಎಂಜಿನ್ ಒಂದೇ ಏಟಿಗೆ ಸುಮ್ಮನಾಗುತ್ತದೆ, ಕೆಲವು ಸಲ ಅಷ್ಟೇ ಹಠಾತ್ತನೆ ಜೀವ ಬಂದು ಮುಗ್ಗರಿಸುತ್ತದೆ. “ಪಿಕಪ್ ಇಲ್ಲ ಮೇಸ್ತ್ರಿ” ಎಂದು ಬಂದವರ ಸೈಲೆನ್ಸರಿನ ತುದಿ ನೋಡಿ, ಒಳಗೆ ಕರಿ ಕಟ್ಟಿದ್ದರೆ ಅವರನ್ನು ಪಕ್ಕದ ಎಂಜಿನ್ ಅಂಗಡಿಗೆ ಕಳಿಸಿಬಿಡುತ್ತಿದ್ದರು. ಟೂ ಸ್ಟ್ರೋಕಿನ ಎಣ್ಣೆಯ ಮಸಿ ಬ್ಯಾಫಲ್ ಮುಚ್ಚಿದರೆ ಯಾವ ವೈರು ಬದಲಿಸಿದರೂ ಗಾಡಿ ಎಳೆಯುವುದಿಲ್ಲ.

ಎರಡನೆಯ ಪರೀಕ್ಷೆ ಚಾರ್ಜಿನ ಕೆಂಪು ದೀಪದ್ದು. ಜಾವಾದ ಚಾವಿ ಹಲ್ಲಿಲ್ಲದ ಒಂದು ಕಡ್ಡಿ, ಮೊಳೆ ತೂರಿಸಿದರೂ ಗಾಡಿ ಶುರುವಾಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಒತ್ತಿ, ಎಂಜಿನ್ ಶುರು ಮಾಡದೆ, ಕೆಂಪು ದೀಪದ ಮೇಲೆ ಕಣ್ಣಿಟ್ಟು ಅಪ್ಪ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿದ್ದರು. ಆಮೇಲೆ ಚಾವಿ ಅಲ್ಲಾಡಿಸುವುದು, ಹೆಡ್‌ಲೈಟಿನ ಡೂಮನ್ನು ಅಂಗೈಯಲ್ಲಿ ತಟ್ಟುವುದು, ಬ್ಯಾಟರಿ ಪೆಟ್ಟಿಗೆ ಕುಲುಕುವುದು. ದೀಪ ಮಿಣುಕಿದರೆ ಲೂಸ್ ಕಾಂಟ್ಯಾಕ್ಟು ಬ್ಯಾಟರಿ, ಫ್ಯೂಸು, ಸ್ವಿಚ್ಚು ಇವುಗಳ ನಡುವೆಯೇ ಇದೆ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಮಾತ್ರ ಮಿಣುಕಿದರೆ ಫೋರ್ಕಿನ ಹತ್ತಿರ ವೈರು ಉಜ್ಜಿ ಒಳಗೆ ಎಳೆ ಕಡಿದಿದೆ. ಹೊರಗಿನ ಪ್ಲಾಸ್ಟಿಕ್ಕು ನೆಟ್ಟಗೇ ಇರುತ್ತದೆ, ಬೆರಳಲ್ಲಿ ಮಡಿಸುತ್ತ ಬಂದರೆ ಕಡಿದ ಜಾಗದಲ್ಲಿ ವೈರು ತಟ್ಟನೆ ಮೆತ್ತಗಾಗುತ್ತದೆ. ದೀಪ ಕದಲದೆ ಉರಿದರೆ ಸ್ವಿಚ್ಚಿನವರೆಗೆ ಎಲ್ಲ ಸರಿ, ಪಾಯಿಂಟು, ಕಂಡೆನ್ಸರು, ಕಾಯಿಲಿನ ಕಡೆ ಹೋಗಬೇಕು. ಮೀಟರು ಎಂಬುದನ್ನು ನಾನು ಆ ಅಂಗಡಿಯಲ್ಲಿ ನೋಡಿದ್ದು ಬಹಳ ತಡವಾಗಿ. ಅದಕ್ಕೆ ಮೊದಲು ಈ ಕೆಂಪು ದೀಪ ಮತ್ತು ಎರಡು ವೈರು ಬೆಸೆದ ಒಂದು ಟೆಸ್ಟ್ ಲ್ಯಾಂಪು, ಅಷ್ಟರಲ್ಲೇ ಕೆಲಸ.

ಕಂಡೆನ್ಸರಿನ ಕಾಟ ಬೇರೆಯದೇ. ಬೆಳಿಗ್ಗೆ ಒಂದೇ ಕಿಕ್ಕಿಗೆ ಶುರುವಾದ ಗಾಡಿ ನಂಜನಗೂಡು ರಸ್ತೆಯಲ್ಲಿ ಅರ್ಧ ದಾರಿಗೆ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತದೆ. ನೆರಳಲ್ಲಿ ನಿಲ್ಲಿಸಿ ಒಂದು ಎಳನೀರು ಕುಡಿದು ಬಂದರೆ ಏನೂ ಆಗದವರ ಹಾಗೆ ಮತ್ತೆ ಹೊರಡುತ್ತದೆ. ಅಂಗಡಿಗೆ ತಂದಾಗ ಯಾವ ತೊಂದರೆಯೂ ಕಾಣುವುದಿಲ್ಲ. ಪಾಯಿಂಟು ತೆರೆಯುವ ಗಳಿಗೆಯಲ್ಲಿ ಆ ಸಂದಿ ಹಾರಲು ನೋಡುವ ಕರೆಂಟನ್ನು ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಆಗಷ್ಟೇ ಕಾಯಿಲಿನ ಕಾಂತಶಕ್ತಿ ಒಮ್ಮೆಗೇ ಕುಸಿದು ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟ್ ಎನ್ನುತ್ತದೆ. ಜಾವಾದಲ್ಲಿ ಕಂಡೆನ್ಸರು ಇರುವುದು ಎಂಜಿನ್ನಿನ ಕಾವು ನೇರವಾಗಿ ತಾಗುವ ಕಡೆ. ಒಳಗಿನ ಹಾಳೆ ಹಳತಾಗಿದ್ದರೆ ಬಿಸಿ ಏರಿದಾಗ ಸೋರುತ್ತದೆ, ತಣ್ಣಗಾದರೆ ಸುಧಾರಿಸುತ್ತದೆ.

ಇಂಥ ಗಾಡಿಗಳನ್ನು ಅಪ್ಪ ಚಾಮುಂಡಿ ಬೆಟ್ಟಕ್ಕೆ ಹತ್ತಿಸುತ್ತಿದ್ದರು. ಏರಿನಲ್ಲಿ ಎಂಜಿನ್ನು ಬೇಗ ಕಾಯುತ್ತದೆ, ತೊಂದರೆ ತಾನಾಗಿ ಹೊರಗೆ ಬರುತ್ತದೆ. ನಂದಿಗೆ ಹೋಗುವ ತಿರುವಿನ ಹತ್ತಿರ ಮಿಸ್ಸಿಂಗ್ ಶುರುವಾದರೆ ಅಲ್ಲೇ ಬದಿಗೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಬಲಗಡೆ ಮುಚ್ಚಳ ತೆಗೆದು ಪಾಯಿಂಟು ನೋಡುವುದು. ಒಳ್ಳೆಯ ಕಂಡೆನ್ಸರಿದ್ದರೆ ಅಲ್ಲಿ ಕಿಡಿ ಕಂಡೂ ಕಾಣದ ಹಾಗಿರುತ್ತದೆ. ಕೆಟ್ಟಿದ್ದರೆ ದಪ್ಪ ಬಿಳಿ ಕಿಡಿ ಬಿಡದೆ ಹಾರುತ್ತಿರುತ್ತದೆ, ಪಾಯಿಂಟಿನ ಮುಖ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಆಗಿರುತ್ತದೆ. ಹಳೆಯದರ ವೈರು ಬಿಚ್ಚಿ, ಜೇಬಿನಲ್ಲಿ ತಂದ ಇನ್ನೊಂದನ್ನು ಕಟ್ಟಿ ಮೇಲಿನವರೆಗೆ ಓಡಿಸಿಕೊಂಡು ಹೋದರೆ ತೀರ್ಮಾನ ಆದಂತೆ. ಆಮೇಲೆ ಹೊಸದನ್ನು ಟ್ಯಾಂಕಿನ ಕೆಳಗೆ, ಕಾವು ಕಮ್ಮಿ ಇರುವ ಕಡೆ ಕೂರಿಸುತ್ತಿದ್ದರು.

ಇದಕ್ಕಿಂತ ಕಠಿಣವಾದ ರೋಗ ಇನ್ನೊಂದಿತ್ತು, ನೋಡುವುದಕ್ಕೆ ಕರೆಂಟಿನದು, ಹುಟ್ಟಿದ್ದು ಕಬ್ಬಿಣದಲ್ಲಿ. ಈ ಡೈನಮೋದ ಆರ್ಮೇಚರಿಗೆ ತನ್ನದೇ ಬೇರಿಂಗ್ ಇಲ್ಲ, ಕ್ರ್ಯಾಂಕಿನ ತುದಿಯನ್ನೇ ನಂಬಿ ತಿರುಗುತ್ತದೆ. ಮೈನ್ ಬೇರಿಂಗ್ ಸವೆದು ಕ್ರ್ಯಾಂಕಿಗೆ ಕೂದಲೆಳೆಯಷ್ಟು ಆಟ ಬಂದರೂ, ಸುಮಾರು 0.4 ಮಿಲಿಮೀಟರಿಗೆ ಹೊಂದಿಸಿದ ಪಾಯಿಂಟಿನ ಸಂದಿ ಸುತ್ತುಸುತ್ತಿಗೂ ಬದಲಾಗುತ್ತದೆ. ಆರ್ಮೇಚರು ಸುತ್ತಲಿನ ಫೀಲ್ಡಿಗೆ ಉಜ್ಜುತ್ತದೆ. ಬಲಗಡೆ ಸೀಲು ಹೋಗಿದ್ದರಂತೂ ಎಣ್ಣೆಯ ಆವಿ ಬಂದು ಪಾಯಿಂಟು, ಕಮ್ಯುಟೇಟರ್ ಎಲ್ಲ ಜಿಡ್ಡು. ಅಂಥವರಿಗೆ ಅಂಗಡಿಗಳಲ್ಲಿ ಕಾಯಿಲು, ಕಟೌಟು, ಬ್ಯಾಟರಿ ಒಂದರ ಹಿಂದೊಂದು ಮಾರಾಟವಾಗಿರುತ್ತಿತ್ತು. ಆರ್ಮೇಚರಿನ ಮೈಮೇಲೆ ಕನ್ನಡಿಯ ಹಾಗೆ ಮಿನುಗುವ ಉಜ್ಜಿದ ಗುರುತು ಕಂಡರೆ ಅಪ್ಪ ವೈಂಡಿಂಗಿಗೆ ಕೈ ಹಾಕುತ್ತಿರಲಿಲ್ಲ. “ಮೊದ್ಲು ಬೇರಿಂಗ್ ಹಾಕಿಸ್ಕೊಂಡು ಬನ್ನಿ ಸಾರ್” ಎಂದು ಗಿರಾಕಿಯನ್ನು ವಾಪಸು ಕಳಿಸುತ್ತಿದ್ದರು. ಮನೆಯಲ್ಲಿ ದುಡ್ಡಿಗೆ ಬಿಗಿ ಇದ್ದ ತಿಂಗಳಲ್ಲೂ ಹಾಗೇ ಮಾಡಿದ್ದನ್ನು ನಾನು ನೋಡಿದ್ದೇನೆ.

ಸುಟ್ಟ ಆರ್ಮೇಚರನ್ನು ಗುರುತಿಸುವ ಸಾಧನ ಗ್ರೌಲರ್. ಮನೆ ಕರೆಂಟಿಗೆ ಹಾಕಿದ ಒಂದು ವಿದ್ಯುತ್ಕಾಂತ, ಅದರ ವಿ ಆಕಾರದ ಸಂದಿಯಲ್ಲಿ ಆರ್ಮೇಚರ್ ಮಲಗಿಸಬೇಕು. ಗುಂಯ್ ಎಂದು ಗುರುಗುಟ್ಟತೊಡಗುತ್ತದೆ. ಮೇಲೆ ಗರಗಸದ ಬ್ಲೇಡು ಹಿಡಿದು ಆರ್ಮೇಚರನ್ನು ಒಂದೊಂದೇ ಸ್ಲಾಟು ತಿರುಗಿಸುತ್ತ ಹೋದರೆ, ಒಳಗೆ ಶಾರ್ಟಾದ ಸುತ್ತಿನ ಮೇಲೆ ಬಂದಾಗ ಬ್ಲೇಡು ಪಟಪಟ ನಡುಗುತ್ತದೆ. ಅದು ಮನೆಗೆ ಬರಬೇಕಾದ್ದು. ಹಳೆ ತಂತಿ ಬಿಚ್ಚುವಾಗಲೇ ಸುತ್ತು ಎಣಿಸಿ, ಗೇಜು ನೋಡಿ, ಯಾವ ತುದಿ ಕಮ್ಯುಟೇಟರಿನ ಯಾವ ಪಟ್ಟಿಗೆ ಬೆಸೆದಿದೆ ಎಂದು ಚಿತ್ರ ಬರೆದುಕೊಳ್ಳುವುದು ಅಮ್ಮನ ಕೆಲಸ. ನಾನು ಸ್ಲಾಟಿಗೆ ಲೆದರಾಯ್ಡ್ ಕಾಗದ ಕತ್ತರಿಸಿ ಹಾಕಿ ಎನಾಮಲ್ ತಂತಿ ಸುತ್ತುತ್ತಿದ್ದೆ. ತಂತಿ ಬಿಗಿ ಹೆಚ್ಚಾದರೆ ಸ್ಲಾಟಿನ ಅಂಚಿಗೆ ಎನಾಮಲ್ ಕೆರೆದುಹೋಗುತ್ತದೆ, ಸಡಿಲವಾದರೆ ತಿರುಗುವ ರಭಸಕ್ಕೆ ಹೊರಗೆ ಬರುತ್ತದೆ. ವಾರ್ನಿಷ್ ಕುಡಿಸಿ ಒಣಗಿಸಿದ ಮೇಲೆ ಕಮ್ಯುಟೇಟರ್ ಪಟ್ಟಿಗಳ ನಡುವಿನ ಮೈಕಾವನ್ನು ತೆಳ್ಳಗೆ ಸಾಣೆ ಹಿಡಿದ ಬ್ಲೇಡಿನಿಂದ ಕೆಳಗೆ ಇಳಿಸಬೇಕು. ಉಜ್ಜಲು ಎಮರಿ ಕಾಗದ ಕೂಡದು, ಅದರ ಹರಳು ತಾಮ್ರದಲ್ಲಿ ಕಚ್ಚಿಕೊಂಡು ಕಾರ್ಬನ್ ಬ್ರಷ್ಷನ್ನು ತಿನ್ನುತ್ತದೆ. ಈ ಕಸುಬಿನಲ್ಲಿ ಹೆಂಗಸರ ಕೈ ಎಷ್ಟಿತ್ತು ಎಂಬುದನ್ನು ಅಂಗಡಿಯ ಬೋರ್ಡು ಯಾವತ್ತೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

1980ರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆ ಸೇರಿ ಮಾಡಿದ 100 ಸಿಸಿ ಗಾಡಿಗಳು ಬಂದವು. ಹೀರೋ ಹೋಂಡಾ ಬಂದದ್ದು 1985ರಲ್ಲಿ. ಪೆಟ್ರೋಲು ಉಳಿತಾಯದ ಮಾತು ಎಲ್ಲರೂ ಆಡಿದರು. ವೈಂಡಿಂಗ್ ಅಂಗಡಿಗೆ ಹೊಡೆತ ಕೊಟ್ಟದ್ದು ಸಿಡಿಐ ಎಂಬ ಅಂಟು ತುಂಬಿದ ಪುಟ್ಟ ಪೆಟ್ಟಿಗೆ. ಕೆಟ್ಟರೆ ತೆಗೆದು ಇನ್ನೊಂದು ಹಾಕುವುದು, ಅಷ್ಟೇ. ಹುಡುಕುವವರಿಗೆ ಕೂಲಿ ಇಲ್ಲದಾಯಿತು. ಕಾರ್ಖಾನೆ ನಿಂತ ಮೇಲೆ ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುವುದು ಮಾಮೂಲಾಯಿತು. ವಿಚಿತ್ರವೆಂದರೆ ಆಗಲೇ ನಮ್ಮ ಕೆಲಸಕ್ಕೆ ಮತ್ತೆ ಬೆಲೆ ಬಂತು. ಹೊಸ ಆರ್ಮೇಚರ್ ಸಿಗದಿದ್ದಾಗ ಹಳೆಯದನ್ನೇ ಸುತ್ತಬೇಕಲ್ಲ.

ಈಗ ಜುಲೈ ತಿಂಗಳ ಜಾವಾ ದಿನಕ್ಕೆ ಸೇರುವ ಗಾಡಿಗಳನ್ನು ನೋಡಿದರೆ ಕಣ್ಣು ತುಂಬುತ್ತದೆ, ಬಣ್ಣ ಅಷ್ಟು ಚೆನ್ನಾಗಿರುತ್ತದೆ. ಆ ಬಣ್ಣವೇ ಈಗ ಹೊಸ ತೊಂದರೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುತ್ತಾರೆ. ಜಾವಾದಲ್ಲಿ ಕರೆಂಟು ವಾಪಸು ಬರುವ ದಾರಿಯೇ ಫ್ರೇಮು, ಆ ಕೋಟಿಂಗು ಕರೆಂಟನ್ನು ಬಿಡುವುದಿಲ್ಲ. ಬ್ಯಾಟರಿಯ ಅರ್ತ್ ಪಟ್ಟಿ ಬಣ್ಣದ ಮೇಲೆ ಕೂತಿರುತ್ತದೆ, ಬೋಲ್ಟಿನ ಮರೆಯ ನಡುವೆ ಹೇಗೋ ಮುಟ್ಟಿಕೊಂಡು ಒಂದಷ್ಟು ದಿನ ಓಡಿ, ಆಮೇಲೆ ಹಾರ್ನ್ ಒತ್ತಿದಾಗ ಎಂಜಿನ್ ನಿಲ್ಲತೊಡಗುತ್ತದೆ. ಡೈನಮೋ ಕಿತ್ತು 12 ವೋಲ್ಟಿನ ಕಿಟ್ ಹಾಕಿಸಿಕೊಳ್ಳಲು ಹೊರಟವರು ನನ್ನ ಹತ್ತಿರ ಬಂದರೆ ಒಂದೇ ಮಾತು ಹೇಳುತ್ತೇನೆ. ಮೊದಲು ಅರ್ತ್ ಬೋಲ್ಟ್ ಬಿಚ್ಚಿ ಆ ಜಾಗದಲ್ಲಿ ಕಬ್ಬಿಣ ಹೊಳೆಯುವ ತನಕ ಬಣ್ಣ ಕೆರೆಯಿರಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಎಂಜಿನ್ನಿಂದ ಬ್ಯಾಟರಿಗೆ ಬೇರೆಯೇ ಒಂದು ದಪ್ಪ ವೈರು ಎಳೆಯಿರಿ, ಹೆಡ್‌ಲೈಟಿನಿಂದಲೂ ಒಂದು. ಡೈನಮೋ ಬಹಳ ವರ್ಷ ಸುಮ್ಮನೆ ಕೂತಿದ್ದರೆ ಫೀಲ್ಡಿಗೆ ಒಂದು ಕ್ಷಣ ಬ್ಯಾಟರಿ ಮುಟ್ಟಿಸಿ ಅದರ ಕಾಂತಶಕ್ತಿ ಎಬ್ಬಿಸಿ. ಆಮೇಲೆ ಗಾಡಿ ಶುರು ಮಾಡಿ ಆಕ್ಸಿಲರೇಟರ್ ಕೊಡಿ, ಕೆಂಪು ದೀಪ ಆರಿದರೆ ಡೈನಮೋ ಕೀಳಿಸುವ ಅಗತ್ಯವಿಲ್ಲ.