ವಂಶದ ಶಂಕೆ, ಊರಿನ ನೀರು: ಕೋಲಾರ ಸೀಮೆಯ ನರರೋಗಗಳ ಇತಿಹಾಸದಿಂದ ಒಂದು ಪಾಠ

ಮನೆಯಲ್ಲಿ ಒಬ್ಬರಿಗೆ ನರರೋಗ ಬಂದಾಗ ಎರಡು ಬಾಧೆಗಳು ಹುಟ್ಟುತ್ತವೆ. ಒಂದು ರೋಗಿಯದು, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮತ್ತೊಂದು ಬಂಧುಗಳದು, ಅದು ಯಾರಿಗೂ ಕಾಣುವುದಿಲ್ಲ. ದೊಡ್ಡಪ್ಪನವರ ಕೈ ನಡುಗತೊಡಗಿದ ದಿನದಿಂದ ತಮ್ಮನ ಮಗನು ಲೋಟ ಹಿಡಿದಾಗಲೆಲ್ಲ ತನ್ನ ಬೆರಳನ್ನೇ ನೋಡಿಕೊಳ್ಳುತ್ತಾನೆ. ತಾಯಿಯ ಕಾಲು ಸೋತುದನ್ನು ಕಂಡ ಮಗಳು ಮೆಟ್ಟಿಲಲ್ಲಿ ಒಮ್ಮೆ ಎಡವಿದರೆ ರಾತ್ರಿಯೆಲ್ಲ ನಿದ್ರಿಸುವುದಿಲ್ಲ. "ನನಗೂ ಬರುವುದೇ?" ಎಂದು ಬಾಯಿಬಿಟ್ಟು ಕೇಳುವವರು ವಿರಳ. ಕೇಳಿದರೆ ಮನೆಯ ಮಕ್ಕಳ ಮದುವೆ ಸಂಬಂಧಗಳಿಗೆ ಕುತ್ತು ಎಂಬ ಅಂಜಿಕೆ. ಈ ಅಂಜಿಕೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯ ಇತಿಹಾಸದಲ್ಲಿ ಒಂದು ಉತ್ತರವಿದೆ.

2007ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ನರರೋಗವೆಂದರೆ ಇಲ್ಲಿಯವರು ಬೆಂಗಳೂರಿಗೆ ಹೋಗಬೇಕಾಗಿತ್ತು. ಅಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಆಸ್ಪತ್ರೆಯ ವೈದ್ಯರು ಕಾಣುವುದು ಬಂದವರನ್ನು ಮಾತ್ರ. ಬಾರದೆ ಮನೆಯಲ್ಲೇ ಉಳಿದವರೆಷ್ಟು, ಯಾವ ರೋಗ ಎಷ್ಟು ಮಂದಿಗಿದೆ ಎಂಬುದು ಊರೂರು ತಿರುಗಿದರಷ್ಟೇ ತಿಳಿಯುತ್ತದೆ.

ಆ ಕಾರ್ಯವು 1980ರ ದಶಕದ ಮೊದಲ ಭಾಗದಲ್ಲಿ ಗೌರಿಬಿದನೂರಿನಲ್ಲಿ ನಡೆಯಿತು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರಾದ ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಪಟ್ಟಣವನ್ನೂ ಹಳ್ಳಿಗಳನ್ನೂ ಸೇರಿಸಿಕೊಂಡು 57 ಸಾವಿರಕ್ಕೂ ಅಧಿಕ ಜನರನ್ನು ಮನೆಮನೆಯ ವಿಚಾರಣೆಗೆ ಒಳಪಡಿಸಿದರು. ಜನರು ಅತ್ಯಂತ ಭಯಪಡುವ, ಕೈಕಾಲುಗಳ ಮಾಂಸ ಕರಗಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಲಕ್ಷಕ್ಕೆ ಸುಮಾರು 4 ಮಂದಿಯಲ್ಲಿ ಮಾತ್ರ ಇತ್ತು. ಮೂರ್ಛೆರೋಗವಾದರೋ ಸಾವಿರಕ್ಕೆ ನಾಲ್ಕೈದು ಮಂದಿಯಲ್ಲಿ, ಎಂದರೆ ಅದರ ನೂರುಪಟ್ಟಿಗೂ ಮಿಗಿಲಾಗಿ ಇತ್ತು. 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರಗಳ 1,02,557 ಜನರಲ್ಲಿ ನಡೆದ ಸಮೀಕ್ಷೆಯಲ್ಲಿ ಮೂರ್ಛೆರೋಗ ಸಾವಿರಕ್ಕೆ 8.8 ಎಂದು ಕಂಡುಬಂದಿತು. ನಗರಕ್ಕಿಂತ ಹಳ್ಳಿಗಳಲ್ಲಿ ಅದು ಸುಮಾರು ಎರಡುಪಟ್ಟು. ನಡುಕದ ಪಾರ್ಕಿನ್ಸನ್ ಕಾಯಿಲೆ ಲಕ್ಷಕ್ಕೆ 33. ಎಣಿಸಿ ನೋಡಿದಾಗ ನಮ್ಮನ್ನು ನಿದ್ದೆಗೆಡಿಸುವ ರೋಗ ಅಪರೂಪದ್ದೆಂದೂ, ನಾವು ಮರೆಮಾಚುವ ರೋಗ ಬಹುಮಟ್ಟಿಗೆ ಮಾತ್ರೆಗೆ ಬಗ್ಗುವಂಥದೆಂದೂ ತಿಳಿಯಿತು.

ಇದೇ ಸೀಮೆಯ ಇನ್ನೊಂದು ಪಾಠ ನೀರಿನದು. ಒಂದೇ ಮನೆಯ ಮೂವರಿಗೆ ಕತ್ತು ಬೆನ್ನು ಬಿಗಿದು ಕಾಲು ಸೋತರೆ "ವಂಶದ ದೋಷ" ಎನ್ನುವುದು ಲೋಕರೂಢಿ. ಆದರೆ 1937ರಲ್ಲಿಯೇ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ ಷಾರ್ಟ್ ಮತ್ತು ಅವರ ಸಂಗಡಿಗರು ಇಂತಹ ಬಾಧೆಗೆ ಕುಡಿಯುವ ನೀರಿನ ಫ್ಲೋರೈಡ್ ಕಾರಣವೆಂದು ತೋರಿಸಿದ್ದರು. ಫ್ಲೋರೈಡ್ ಅಧಿಕವಾದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ದಪ್ಪವಾಗಿ, ಬೆನ್ನೆಲುಬಿನೊಳಗಿನ ದಾರಿ ಕಿರಿದಾಗಿ, ನರದ ಹುರಿ ಅದುಮಲ್ಪಡುತ್ತದೆ. ಶಾಶ್ವತ ನದಿಯಿಲ್ಲದೆ ಕೊಳವೆಬಾವಿಗಳನ್ನೇ ನಂಬಿದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಬಾವಿಗಳು ಅನೇಕ. ಆ ಮೂವರು ಹಂಚಿಕೊಂಡದ್ದು ರಕ್ತವನ್ನಷ್ಟೇ ಅಲ್ಲ, ಬಾವಿಯನ್ನೂ ಹೌದು. ನಮ್ಮ ಮನೆಗಳಲ್ಲಿ ನೀರನ್ನು ಸೋಸಿ ಕಾಯಿಸಿ ಕುಡಿಯುವ ಪದ್ಧತಿಯಿದೆ. ಜೀವದಯೆಗೆ ಅದು ಯೋಗ್ಯವೇ. ಆದರೆ ಬಟ್ಟೆಯಾಗಲಿ ಬೆಂಕಿಯಾಗಲಿ ಫ್ಲೋರೈಡನ್ನು ತೆಗೆಯಲಾರದು. ನೀರು ಬತ್ತುವಷ್ಟು ಕಾಯಿಸಿದರೆ ಅದರ ಪ್ರಮಾಣ ಏರುವುದೂ ಉಂಟು. ಪರೀಕ್ಷೆ ಮಾಡಿಸಿ, ಅಗತ್ಯವಿದ್ದಲ್ಲಿ ಶುದ್ಧೀಕರಿಸಿದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಬಳಸುವುದೇ ದಾರಿ.

ಹಾಗಾದರೆ ವಂಶದಲ್ಲಿ ಹರಿಯುವ ನರರೋಗಗಳೇ ಇಲ್ಲವೇ? ಇವೆ. ಹಂಟಿಂಗ್ಟನ್ ರೋಗವಿರುವ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಅದರ ಜೀನ್ 1993ರಲ್ಲಿ ಪತ್ತೆಯಾಯಿತು. ನಡಿಗೆ ತಪ್ಪಿಸುವ ಕೆಲವು ರೋಗಗಳೂ ಹೀಗೆಯೇ. ಇಂತಹ ಮನೆಯವರ ಚಿಂತೆ ಭ್ರಮೆಯಲ್ಲ. ಆದರೆ ಮೋಟಾರ್ ನ್ಯೂರಾನ್ ಕಾಯಿಲೆಯ ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಯ ಕುಟುಂಬದಲ್ಲಿ ಮತ್ತಾರಿಗೂ ಅದಿರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಬಹುಪಾಲು ರೋಗಿಗಳ ವಿಷಯವೂ ಅಷ್ಟೇ. ಕಣ್ಣರೆಪ್ಪೆ, ಮೀನಖಂಡಗಳು ಅದುರುವುದು ಆರೋಗ್ಯವಂತರಲ್ಲೂ ಸಾಮಾನ್ಯ. ನಿದ್ದೆಗೇಡು, ಆಯಾಸ, ಕಾಫಿ, ಇವೆಲ್ಲಕ್ಕಿಂತ ಮಿಗಿಲಾಗಿ ಚಿಂತೆಯೇ ಅದನ್ನು ಹೆಚ್ಚಿಸುತ್ತದೆ. ತರುಣರ ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಕೆಲವು ವರ್ಷಗಳಲ್ಲಿ ತಾನಾಗಿ ನಿಂತುಬಿಡುವ ರೋಗವೊಂದನ್ನು ಗೌರಿದೇವಿಯವರ ತಂಡವೇ 1984ರಲ್ಲಿ ವಿವರಿಸಿತು. ಸೊರಗಿದ ಕೈಯೆಲ್ಲ ಮಾರಕ ರೋಗದ ಗುರುತಲ್ಲ. ಹಿಡಿತ ದಿನೇ ದಿನೇ ಕುಗ್ಗುವುದು, ಮಾಂಸ ಕರಗುವುದು, ನುಂಗಲು ಕಷ್ಟವಾಗುವುದು, ಇವು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಮಾತು ಇದ್ದಕ್ಕಿದ್ದಂತೆ ತೊದಲಿದರೆ ತಡಮಾಡದೆ ಹೋಗಬೇಕು. ವಂಶದ ರೋಗವೆಂದು ವೈದ್ಯರು ಹೇಳಿದಲ್ಲಿ ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದೂ ಬಿಡುವುದೂ ಪ್ರಾಯಕ್ಕೆ ಬಂದ ಆ ವ್ಯಕ್ತಿಯ ಸ್ವಂತ ನಿರ್ಧಾರ. ಅದನ್ನು ಬೀಗರು ಕೇಳುವಂತಿಲ್ಲ, ಹಿರಿಯರು ಹೇರುವಂತಿಲ್ಲ.

ಶಂಕೆಗೆ ಸಮಾಜ ತೆತ್ತ ಬೆಲೆಯನ್ನು ಕಾನೂನಿನ ಇತಿಹಾಸವೇ ಹೇಳುತ್ತದೆ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯು, ಮೇಲಿಂದ ಮೇಲೆ ಮೂರ್ಛೆ ಬರುವವರು ವಿವಾಹಕ್ಕೆ ಅರ್ಹರಲ್ಲವೆಂದಿತು. ಇಂತಹ ಕಾನೂನಿನ ನೆರಳಿನಲ್ಲಿ ಗಂಡನ ಮನೆಗೆ ಹೋದ ಹೆಣ್ಣುಮಗಳು ಮಾತ್ರೆಯನ್ನು ಬಚ್ಚಿಡಬೇಕಾಗುತ್ತದೆ. ಬಚ್ಚಿಟ್ಟ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದಾಗ ಮೂರ್ಛೆ ಮರುಕಳಿಸುತ್ತದೆ. 1999ರ ತಿದ್ದುಪಡಿಯು ಆ ಮಾತನ್ನು ತೆಗೆದುಹಾಕಿತು. ಕಾನೂನು ಬಿಟ್ಟ ಶಂಕೆಯನ್ನು ನಮ್ಮ ಮದುವೆಯ ಮಾತುಕತೆಗಳು ಇನ್ನೂ ಬಿಟ್ಟಿಲ್ಲ. ಸತ್ಯವ್ರತವು ತನ್ನ ರೋಗವನ್ನು ಮುಚ್ಚಿಡಬಾರದೆನ್ನುತ್ತದೆ. ಅಹಿಂಸೆಯು ಇಲ್ಲದ ದೋಷವನ್ನು ಮತ್ತೊಬ್ಬರ ವಂಶಕ್ಕೆ ಅಂಟಿಸಬಾರದೆನ್ನುತ್ತದೆ. ಎರಡನ್ನೂ ಪಾಲಿಸಲು ಮೊದಲು ಬೇಕಾದುದು ಸರಿಯಾದ ತಿಳುವಳಿಕೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯ ಕುರಿತ ಚಿಂತನೆಯನ್ನೂ ಎಣಿಸುತ್ತದೆ. ಬಂದ ವೇದನೆಯನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನವಾದರೆ, ಬಾರದ ವೇದನೆಯನ್ನು ಕರೆಕರೆದು ಕೊರಗುವುದನ್ನು ಏನೆನ್ನಬೇಕು? ಅದೇ ಅಧ್ಯಾಯವು ಅಂತರಂಗ ತಪಸ್ಸುಗಳ ಸಾಲಿನಲ್ಲಿ ವೈಯಾವೃತ್ಯವನ್ನು, ಎಂದರೆ ಸೇವೆಯನ್ನು ಇರಿಸಿದೆ. ತನ್ನ ಬೆರಳನ್ನು ನೋಡುತ್ತ ಕುಳಿತವನಿಗೆ ದೊಡ್ಡಪ್ಪನ ಕೈ ಕಾಣುವುದಿಲ್ಲ. ಆ ನಡುಗುವ ಕೈಗೆ ತುತ್ತು ಎತ್ತಿಕೊಡಲು ಹೋದವನಿಗೆ ಚಿಂತಿಸಲು ಹೊತ್ತು ಸಾಲದು.

ಬಸದಿಗಳ ಟ್ರಸ್ಟುಗಳು ಔಷಧದಾನವನ್ನು ಇಂದಿಗೆ ತಕ್ಕಂತೆ ವಿಸ್ತರಿಸಬಹುದು. ಮೂರ್ಛೆರೋಗದ ಬಡವರಿಗೆ ತಪ್ಪದೆ ಮಾತ್ರೆ, ಊರ ಬಾವಿಯ ನೀರಿನ ಪರೀಕ್ಷೆ, ಬೆಂಗಳೂರಿಗೆ ಹೋಗಬೇಕಾದ ರೋಗಿಯ ಜೊತೆಗೆ ಒಬ್ಬ ಮನುಷ್ಯ: ಇವುಗಳಿಗೆ ದೊಡ್ಡ ನಿಧಿ ಬೇಕಿಲ್ಲ. ಗೌರಿಬಿದನೂರಿನಲ್ಲಿ ಬಾಗಿಲು ಬಾಗಿಲು ತಟ್ಟಿ ಕೇಳಿದವರಿಂದ ನಾವು ಕಲಿಯಬೇಕಾದದ್ದೂ ಇದೇ. ಒಳಕೋಣೆಯಲ್ಲಿ ಮಲಗಿಸಿದವರನ್ನು ಮೊದಲು ಹೋಗಿ ಮಾತನಾಡಿಸಬೇಕು.